ಹನ್ನೊಂದು ಕುರ್ಚಿಯಾಚೆ

ನನ್ನ ಹೆಸರು ಫ್ಲಾರಿ ಟ್ಯಾಪ್ಸೆಲ್. ಈ ಮನೆಯಲ್ಲಿ ಲೇಡಿ ಸ್ಕೆಲ್‌ಮೋರ್ ಎನ್ನುತ್ತಾರೆ. ಹಾಗೆ ಕರೆದರೆ ಈಗಲೂ ಹಿಂದೆ ತಿರುಗಿ ನೋಡುತ್ತೇನೆ, ಅತ್ತೆ ಬಂದರೇನೋ ಎಂದು.

ಲಂಡನ್ನಿನ ಹಾಡುನಾಟಕದಲ್ಲಿ ಗುಂಪಿನಲ್ಲಿ ಕುಣಿಯುವ ಹುಡುಗಿಯರಿದ್ದೆವು. ನಾನು ಎಡದಿಂದ ಮೂರನೆಯವಳು. ಕಾಗದದ ಚೆರಿಹಣ್ಣಿನ ಬುಟ್ಟಿ ಹಿಡಿದು ಕುಣಿಯುವುದು ಕೆಲಸ. ಈ ಮನೆಯ ಮಗ ಆಬ್ರಿ ಆ ಆಟವನ್ನು ತೊಂಬತ್ತೊಂದು ಸಲ ನೋಡಿದರು. ಬೇರೆ ದೊರೆಮಕ್ಕಳು ಹಿಂಬಾಗಿಲಿಗೆ ಹೂ ತರುತ್ತಿದ್ದರು. ಇವರು ಒಂದು ಇಡೀ ಹಂದಿತೊಡೆ ಹೊತ್ತು ತಂದರು.

“ಹೂವು ತಿನ್ನೋಕಾಗಲ್ಲ ನೋಡಿ,” ಎಂದರು.

ಮದುವೆಯಾದೆ.

ಈ ಜನರಲ್ಲಿ ಊಟದ ಮೇಜಿಗೆ ಗಂಡ ಹೆಂಡತಿ ಪಕ್ಕಪಕ್ಕ ಕೂರುವಂತಿಲ್ಲ. ಅತ್ತೆಯ ಹತ್ತಿರ ತೊಗಲು ಹೊದಿಸಿದ ಒಂದು ಹಲಗೆ ಇದೆ. ಅದರ ಸುತ್ತ ಸೀಳುಗಳು. ಹೆಸರಿನ ಚೀಟಿಗಳನ್ನು ಸಿಕ್ಕಿಸಿ ಯಾರು ಎಲ್ಲಿ ಕೂರಬೇಕೆಂದು ಅವರೇ ಗೊತ್ತುಮಾಡುತ್ತಾರೆ. ಹದಿನಾಲ್ಕು ವರ್ಷ ಆಬ್ರಿಗೂ ನನಗೂ ನಡುವೆ ಹನ್ನೊಂದು ಕುರ್ಚಿ. ಸಾಕು, ಮೇಲೆ ಹೋಗೋಣ ಎನ್ನುವುದಕ್ಕೆ ಅವರು ಕಿವಿ ಎಳೆದುಕೊಳ್ಳುತ್ತಿದ್ದರು. ಅತ್ತೆ ಅದನ್ನು ಕಂಡು ಡಾಕ್ಟರನ್ನು ಕರೆಸಿದರು. ಆರು ವಾರ ಕಿವಿಗೆ ಬಿಸಿ ಎಣ್ಣೆ ಬಿಟ್ಟರು. ಆಬ್ರಿ ಬಾಯಿ ಬಿಡಲಿಲ್ಲ. ಎಣ್ಣೆ ಸೋರುತ್ತಿದ್ದರೂ ಕಿವಿ ಎಳೆದುಕೊಂಡರು.

ನವೆಂಬರಿನಲ್ಲಿ ಒಂದು ದಿನ ಮೀನು ಬಡಿಸುವಾಗ ಕಿವಿ ಎಳೆದುಕೊಂಡರು. ನಾನು ನಕ್ಕೆ. ಅವರು ತಟ್ಟೆಯ ಮೇಲೆ ಒರಗಿದರು. ಅತ್ತೆ ಏಳದೆ ಹೆಂಗಸರು ಏಳಬಾರದು. ನಾನು ಅತ್ತೆಯ ಕಡೆ ನೋಡಿದೆ. ಆಮೇಲೆ ಎದ್ದು ಓಡಿದೆ. ಹನ್ನೊಂದು ಕುರ್ಚಿ ದಾಟುವಷ್ಟರಲ್ಲಿ ಮುಗಿದಿತ್ತು.

ಮಣ್ಣು ಮಾಡುವ ಹಿಂದಿನ ದಿನ ಅತ್ತೆ ಅದೇ ಹಲಗೆ ತಂದರು. ಮನೆತನದ ಸಮಾಧಿ ಕೋಣೆಯಲ್ಲಿ ಯಾರ ಜಾಗ ಎಲ್ಲಿ ಎಂದು ಚೀಟಿ ಸಿಕ್ಕಿಸಿದ್ದರು, ಬದುಕಿರುವವರದೂ ಸೇರಿಸಿ. ಆಬ್ರಿಯ ಪಕ್ಕ ಅವರ ಚಿಕ್ಕಪ್ಪ ಸೆಪ್ಟಿಮಸ್, ಬಿಷಪ್. ನಾನು ಬಾಗಿಲ ಬಳಿ.

“ನನಗೆ ಅವರ ಪಕ್ಕ ಬೇಕು,” ಎಂದೆ.

“ಗಂಡ ಹೆಂಡ್ತಿ ಪಕ್ಕದಲ್ಲೇ ಇದ್ರೆ ಮಾತಾಡೋಕೆ ಏನಿರುತ್ತೆ, ಫ್ಲಾರೆನ್ಸ್?”

“ಅಲ್ಲಿ ಯಾರು ಮಾತಾಡ್ತಾರೆ ಅತ್ತೆ?”

“ಸೆಪ್ಟಿಮಸ್ ಮಾತಾಡ್ತಾನೆ. ಅವನು ಎಲ್ಲಿದ್ರೂ ಮಾತಾಡ್ತಾನೆ.”

ಬೆಂಕಿಯ ಬಳಿ ತೂಕಡಿಸುತ್ತಿದ್ದ ಬಿಷಪ್ ಕಣ್ಣು ತೆರೆದರು. “ನನಗೆ ಎಲ್ಲಾದ್ರೂ ಸರಿ ಅತ್ತಿಗೆ. ಗಾಳಿ ಮಾತ್ರ ಹೊಡೀಬಾರದು. ಅಲ್ಲಿನ ಬಾಗಿಲು ಸರಿಯಾಗಿ ಮುಚ್ಚಲ್ಲ.”

“ರಿಪೇರಿ ಮಾಡಿಸ್ತೀನಿ ಬಿಡಿ,” ಎಂದೆ. ಅವರ ಚೀಟಿ ಕಿತ್ತು ಬಾಗಿಲ ಬಳಿ ಸಿಕ್ಕಿಸಿದೆ. ನನ್ನದನ್ನು ಆಬ್ರಿಯ ಪಕ್ಕ ತುರುಕಿದೆ.

ಅತ್ತೆ ಹಲಗೆ ನೋಡುತ್ತಾ ಕೂತರು. ತೀರಿಹೋದ ಮಾವನವರ ಚೀಟಿಗೂ ಅತ್ತೆಯದಕ್ಕೂ ನಡುವೆ ಏಳು ಹೆಸರಿದ್ದವು.

“ಓರೆಯಾಗಿದೆ,” ಎಂದರು. ನನ್ನ ಚೀಟಿಯನ್ನು ನೇರ ಮಾಡಿದರು. ಆಮೇಲೆ ತಮ್ಮದನ್ನು ಹೊರಗೆಳೆದು ಬಲಗೈಯಲ್ಲಿ ಮುಚ್ಚಿಟ್ಟುಕೊಂಡರು.

ಚಹಾ ಬಂತು. ಎಡಗೈಯಲ್ಲೇ ಕುಡಿದರು.