ಚಿಕ್ಕಪ್ಪನ ದವಡೆ ತೆರೆದ ದಿನ

"ಮುದ್ದೆ ತಂದಿದೀಯೇನ್ಲಾ?"

ತುಮಕೂರಿನ ಆಸ್ಪತ್ರೆಯಲ್ಲಿ ಮಲಗಿದ್ದ ಚಿಕ್ಕಪ್ಪ ನನ್ನನ್ನು ಹೀಗೆ ಕೇಳಿದಾಗ ನರ್ಸ್ ಕೂಡ ಚಪ್ಪಾಳೆ ತಟ್ಟಿದರು. ಮೂರು ವಾರದಿಂದ ಕಚ್ಚಿಕೊಂಡಿದ್ದ ದವಡೆ ಅಂದು ತೆರೆದಿತ್ತು!

ಅಮೃತೂರಿನ ತೋಟಗಳಲ್ಲಿ ತೆಂಗಿನಕಾಯಿ ಸುಲಿಯುವುದು ಅವರ ಕಸುಬು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆ ಅಂಗೈಗೆ ಚುಚ್ಚಿದಾಗ, ಸುಲಿಯುವವರೆಲ್ಲ ಮಾಡುವಂತೆ ನಾರು ಸುಟ್ಟ ಬೂದಿ ಮೆತ್ತಿ ಕೆಲಸ ಮುಂದುವರಿಸಿದ್ದರು. ಗಾಯ ಮೇಲೆ ಒಣಗಿತು. ಆದರೆ ಒಳಗೆ ಉಳಿದ ಧನುರ್ವಾಯುವಿನ ರೋಗಾಣು ಬಿಟ್ಟ ವಿಷ ನರಗಳಿಗೇರಿ, ಅವರ ಮೈಯನ್ನೇ ಬಿಲ್ಲಿನಂತೆ ಬಗ್ಗಿಸಿತ್ತು.

ಮನೆಗೆ ಹೊರಡುವ ದಿನ ಡಾಕ್ಟರು ಮತ್ತೆ ಸೂಜಿ ಹಿಡಿದು ಬಂದರು.

"ಗೆದ್ದು ಬಂದಿವ್ನಲ್ಲ ಸ್ವಾಮಿ, ಇನ್ಯಾಕೆ?" ಎಂದರು ಚಿಕ್ಕಪ್ಪ.

"ಪ್ರಾಣ ತೆಗೆಯೋಕೆ ಆ ವಿಷ ಒಂದು ಚೂರು ಸಾಕು. ಅಷ್ಟು ಚೂರನ್ನ ನಿಮ್ಮ ದೇಹ ಗುರುತಿಟ್ಟುಕೊಳ್ಳೋದಿಲ್ಲ. ಲಸಿಕೆ ಹಾಕಿಸ್ಕೊಳ್ದಿದ್ರೆ ಮತ್ತೆ ಬರ್ಬೌದು," ಎಂದರು ಡಾಕ್ಟರು. ಚಿಕ್ಕಪ್ಪ ತೋಳು ಚಾಚಿದರು.

ಮೊನ್ನೆ ಸುಲಿಯುವ ಕೆಲಸ ಶುರುವಾಗುವ ಮುನ್ನ, ಅವರ ಗುಂಪಿನ ಹನ್ನೊಂದೂ ಮಂದಿ ಅಂಗಿಯ ತೋಳು ಮಡಚಿ ಲಸಿಕೆಗೆ ಸಾಲು ನಿಂತಿದ್ದರು. ಒಬ್ಬ ಹಿಂಜರಿದಾಗ ಚಿಕ್ಕಪ್ಪ ಬುದ್ಧಿ ಹೇಳಲಿಲ್ಲ. ಅವನೆದುರು ನಿಂತು, ತಮ್ಮ ಬಾಯಿಯನ್ನು ಅಗಲವಾಗಿ ತೆರೆದು ತೋರಿಸಿದರು.