ದೇವರಿಗೊಂದು ತೂತು, ಎಣ್ಣೆಗೊಂದು ತೂತು

"ಹೆಂಡ್ತಿ ಮೂರು ಸಲ ಕೂಗಿದ್ರೂ ಕೇಳಂಗಿಲ್ಲ, ಮಿಲ್ಲು ಒಂದ್ಸಲ ನರಳಿದ್ರೆ ಉಣ್ಣೋ ತಟ್ಟೆ ಬಿಟ್ಟು ಓಡ್ತಾನೆ" ಎಂದು ಶಿಕಾರಿಪುರದ ನೆರೆಹೊರೆಯವರು ಜಟ್ಟಪ್ಪನ ಬಗ್ಗೆ ಹೇಳುತ್ತಿದ್ದರು. ಸುಳ್ಳೇನಲ್ಲ. ಅವನು ಗುರುಮಲ್ಲಪ್ಪ ಸಾಹುಕಾರರ ಅಕ್ಕಿ ಗಿರಣಿಯ ಫಿಟ್ಟರು. ಗಿರಣಿಯ ಹಿಂದೆ ಸಾಹುಕಾರರು ಕೊಟ್ಟ ಒಂದೂವರೆ ಕೋಣೆಯೇ ಅವನ ಮನೆ. ಆ ಅರ್ಧ ಕೋಣೆ ಒಲೆ ಹಚ್ಚಿದಾಗ ಅಡುಗೆಮನೆ, ಮಳೆ ಬಂದಾಗ ಬಚ್ಚಲು. ಹೆಂಡತಿ ಈಶ್ವರಮ್ಮ ಅದನ್ನು ಸಾರಿಸಿ ಸಾರಿಸಿ ಅರಮನೆ ಮಾಡಿಕೊಂಡಿದ್ದಳು.

ಸಾಹುಕಾರರು ಮಹಾ ದೈವಭಕ್ತರು. ಅಂಜನಾಪುರದ ಕಾಲುವೆ ನೀರು ಕುಡಿದ ಭತ್ತವೆಲ್ಲ ತಮ್ಮ ಗಿರಣಿಗೇ ಬರುವುದು ತಮ್ಮ ಪೂಜೆಯಿಂದ ಎಂದು ಅವರ ನಂಬಿಕೆ. ಕಾಲುವೆಗೂ ಅದರಲ್ಲಿ ಸ್ವಲ್ಪ ಪಾಲಿರಬಹುದು ಎಂದು ಯಾರೂ ಬಾಯಿ ಬಿಡಲಿಲ್ಲ. ಪ್ರತಿ ಸೋಮವಾರ ಬೆಳಗ್ಗೆ, ಆಳುಗಳು ಬರುವ ಮೊದಲೇ, ಮಡಿಯಲ್ಲಿ ಬಂದು ಯಂತ್ರಕ್ಕೆಲ್ಲ ವಿಭೂತಿ ಬಳಿಯುತ್ತಿದ್ದರು.

ಐವತ್ತೆಂಟನೆಯ ಇಸವಿ ಸುಗ್ಗಿಯಲ್ಲಿ ಅಕ್ಕಿ ಮಾಡುವ ಯಂತ್ರ ವರ್ಷದಲ್ಲಿ ಮೂರನೆಯ ಸಲ ನರಳತೊಡಗಿತು. ಹೊರಗೆ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಸಾಹುಕಾರರು ಕಣ್ಣು ಮುಚ್ಚಿ ಕಾರಣ ಕಂಡುಹಿಡಿದೇಬಿಟ್ಟರು.

"ಸೊರಬದಾಗೆ ಹೊಸ ಮಿಲ್ಲು ಹಾಕ್ಯಾನಲ್ಲ ಶೇಷಪ್ಪ, ಅವನದೇ ದೃಷ್ಟಿ!"

ಅಷ್ಟು ದೂರದಿಂದ, ನಡುವಿನ ಕಾಡು ದಾಟಿ, ಗೋಡೆ ತೂರಿ ಬಂದ ಕಣ್ಣು! ಅಂಥ ಕಣ್ಣಿದ್ದವನು ಗಿರಣಿ ಯಾಕೆ ಹಾಕುತ್ತಾನೆ ಎಂದು ಯಾರೂ ಕೇಳಲಿಲ್ಲ.

ಜಟ್ಟಪ್ಪ ಒಂದು ಬಿದಿರು ಕೋಲಿನ ತುದಿಯನ್ನು ಯಂತ್ರಕ್ಕಿಟ್ಟು, ಇನ್ನೊಂದು ತುದಿಗೆ ಕಿವಿಗೊಟ್ಟ. ಉರುಳೆಯ ದಂಡವನ್ನು ಹೊತ್ತ ಎಡಗಡೆ ಬೇರಿಂಗು ಸರಿಯಾಗಿ ಗುಂಯ್ ಎನ್ನುತ್ತಿತ್ತು. ಬಲಗಡೆಯದು ಕರಕರ ಎಂದು ಕಲ್ಲು ಕಡಿಯುತ್ತಿತ್ತು. ಯಂತ್ರ ನಿಲ್ಲಿಸಿ ಹಾರೆಯಿಂದ ಉರುಳೆಯನ್ನು ಮೆಲ್ಲಗೆ ಎತ್ತಿದ. ಹಲ್ಲು ಸಡಿಲಾದಂತೆ ಲೊಟಲೊಟ ಅಂದಿತು.

"ಬೇರಿಂಗು ಸವೆದೈತ್ರಿ. ಯಾಕಂತ ನಾಳೆ ಬಿಚ್ಚಿ ನೋಡ್ತೀನಿ."

ಸಾಹುಕಾರರು ಹತ್ತಿರ ಬಂದು ದನಿ ತಗ್ಗಿಸಿದರು. "ಬಿಚ್ಚು, ಬ್ಯಾಡ ಅನ್ನಲ್ಲ. ಆದ್ರೆ ಮಂದಿ ಮುಂದೆ ದೃಷ್ಟಿ ಅಂತ್ಲೇ ಹೇಳು. ಮನೆ ಕೊಟ್ಟೋರು ಯಾರು ಅನ್ನೋದು ನೆನಪೈತಲ್ಲ?"

ಮನೆಗೆ ಬಂದರೆ ಈಶ್ವರಮ್ಮನದೂ ಅದೇ ಮಾತು. "ದೃಷ್ಟಿ ಅಂದ್ಬಿಡ್ರಿ. ನಿಮ್ಮ ಗಂಟೇನು ಹೋಗ್ತದೆ? ಸೂರು ಉಳೀತದೆ."

"ಬೇರಿಂಗು ಏನು ಹೇಳ್ತದೋ ಅದನ್ನೇ ಹೇಳೋದು."

"ನಾನೂ ಒಂದು ಬೇರಿಂಗಾಗಿ ಹುಟ್ಟಬೇಕಿತ್ತು" ಎಂದು ಅವಳು ಪಾತ್ರೆ ಕುಕ್ಕಿದಳು.

ಮರುದಿನ ಗಾಡಿಯವರೆಲ್ಲ ಸುತ್ತ ನಿಂತಿರುವಾಗ ಜಟ್ಟಪ್ಪ ಬಲಗಡೆ ಬೇರಿಂಗಿನ ಮುಚ್ಚಳ ತೆಗೆದ. ಒಳಗಿನ ಮೆತ್ತನೆಯ ಬಿಳಿ ಲೋಹವನ್ನು ಯಾರೋ ಅರದಿಂದ ಉಜ್ಜಿದಂತಿತ್ತು. ಎಣ್ಣೆ ಬಿಡುವ ತೂತಿನ ತುಂಬ ಬೂದುಬಣ್ಣದ ರಾಡಿ. ಒಂದು ಮುತ್ತುಗದ ಎಲೆಗೆ ಅದನ್ನು ಬಳಿದು, ಮೂಸಿ, ಸಾಹುಕಾರರ ಮುಂದೆ ಹಿಡಿದ.

"ವಿಭೂತಿ. ತೂತಿನೊಳಗೂ ಹಾಕ್ತಿದ್ರೇನ್ರಿ?"

"ಮತ್ತೆ? ಬಲಗಡೆ ದೇವರು ಬಾಯಿ ತೆರೆದು ಕೂತಂಗಿತ್ತು."

"ದೇವರಿಗೆ ಜೀರ್ಣ ಆಗಿರಬೌದು ಸಾವ್ಕಾರ್ರೆ. ಬೇರಿಂಗಿಗೆ ಆಗಿಲ್ಲ."

ಗಾಡಿಯವರ ನಗೆಗೆ ಎತ್ತುಗಳೂ ಬೆಚ್ಚಿದವು. ಸಾಹುಕಾರರು ಮಾತ್ರ ನಗಲಿಲ್ಲ. "ರಿಪೇರಿ ಮುಗಿಸು. ಸೋಮವಾರ ಮನೆ ಖಾಲಿ ಮಾಡು" ಎಂದರು.

ಜಟ್ಟಪ್ಪ ಸಿಟ್ಟಿನಲ್ಲಿ ಕೆಲಸ ಕೆಡಿಸಬಹುದಿತ್ತು. ಆದರೆ ಆ ಕಲೆ ಅವನಿಗೆ ಬರುತ್ತಿರಲಿಲ್ಲ. ಹಳೆಯ ಲೋಹ ಕರಗಿಸಿ ತೆಗೆದ. ಉರುಳೆಯ ದಂಡಕ್ಕೆ ದೀಪದ ಮಸಿ ಬಳಿದು, ಸಂದಿಗಳಿಗೆ ಜೇಡಿಮಣ್ಣು ಮೆತ್ತಿ, ಹೊಸ ಲೋಹ ಎರಕ ಹೊಯ್ದ. ದಂಡ ತಿರುಗಿಸಿ, ಮಸಿ ಹತ್ತಿದ ಉಬ್ಬುಗಳನ್ನು ಎರಡು ದಿನ ಕೂತು ಹೆರೆದ. ಕೊನೆಗೆ ಯಾರೂ ಹೇಳದ ಒಂದು ಕೆಲಸ ಮಾಡಿದ. ಎರಡೂ ಮುಚ್ಚಳಗಳ ಮೇಲಿನ ತೂತಿಗೆ ಹಿತ್ತಾಳೆ ಬಿರಡೆ ಬಡಿದು, ಅಲ್ಲಿ ಬೆರಳು ಕೂರುವಷ್ಟು ಚೆಂದದ ಗುಳಿ ಉಳಿಸಿದ. ಎಣ್ಣೆಗೆ ಪಕ್ಕದಿಂದ, ಕಣ್ಣಿಗೆ ಬೀಳದ ಹಾಗೆ, ಬೇರೆ ತೂತು ಕೊರೆದ. ತೌಡು ಕೇರುವ ದುರುಗಮ್ಮನನ್ನು ಕರೆದು ತೋರಿಸಿದ.

"ದುರುಗಕ್ಕ, ಬೂದಿ ಮ್ಯಾಲೆ, ಎಣ್ಣೆ ಪಕ್ಕಕ್ಕೆ. ಹೊಸ ಫಿಟ್ಟರಿಗೆ ಹೇಳು. ಸಾವ್ಕಾರ್ರಿಗೆ ಮಾತ್ರ ಬ್ಯಾಡ."

"ಹೊರಗೆ ಹಾಕಿದೋರ ಮಿಲ್ಲಿಗೆ ಇಷ್ಟು ಉಪಚಾರ ಯಾಕೋ ಜಟ್ಟಣ್ಣ?"

"ಮಿಲ್ಲು ನನ್ನ ಹೊರಗೆ ಹಾಕಿಲ್ಲಲ್ಲ."

ಸೋಮವಾರ ಬಂತು. ದೃಷ್ಟಿ ಹಾಕಿದ್ದ ಅದೇ ಶೇಷಪ್ಪ, ಸುದ್ದಿ ಕೇಳಿ, ಸೊರಬಕ್ಕೆ ಬಾ ಎಂದು ಹೇಳಿ ಕಳಿಸಿದ್ದ. ಈಶ್ವರಮ್ಮ ಟ್ರಂಕು ಕಟ್ಟಿ ಹೊಸ್ತಿಲಿಗೆ ತಂದಿಟ್ಟಳು, ಆಮೇಲೆ ಖಾಲಿ ಕೋಣೆಯನ್ನು ಇನ್ನೊಮ್ಮೆ ಸಾರಿಸಿದಳು. ಆ ಹೊತ್ತಿಗೆ ಗಿರಣಿಯಲ್ಲಿ ಪೂಜೆ ಮುಗಿದು ಯಂತ್ರ ಸುರುವಾಯಿತು. ಗೋಡೆಯಾಚೆ ಸಾಹುಕಾರರ ದನಿ ಕೇಳಿಸಿತು. "ನೋಡ್ರಪ್ಪ! ಕೆಟ್ಟ ಬಾಯಿ ಜಾಗ ಬಿಡ್ತದೆ ಅಂದ ಕೂಡ್ಲೇ ಮಿಷನ್ನು ಹೆಂಗೆ ಹಾಡ್ತೈತಿ!"

"ಕೇಳಿದ್ರಾ?" ಎಂದಳು ಈಶ್ವರಮ್ಮ, ಕಣ್ಣೊರೆಸಿಕೊಂಡು. "ಹೋಗಿ ನಿಜ ಹೇಳಿ ಬರ್ರಿ."

ಜಟ್ಟಪ್ಪ ಹೊಸ್ತಿಲ ಮೇಲೆ ನಿಂತು, ಬಿದಿರು ಕೋಲನ್ನು ಗೋಡೆಗೆ ಆನಿಸಿ ಕಿವಿಗೊಟ್ಟ. ಎಡಗಡೆ ಗುಂಯ್. ಬಲಗಡೆಯೂ ಗುಂಯ್.

"ಅದು ಸರಿ ಐತೆ" ಎಂದ. ಕೋಲನ್ನು ಕಂಕುಳಿಗೆ ಸೇರಿಸಿ, ಟ್ರಂಕನ್ನು ತಲೆಗೇರಿಸಿ, ಹಸಿ ಸಗಣಿಯ ಮೇಲೆ ಹೆಜ್ಜೆ ಮೂಡದಂತೆ ಹೊಸ್ತಿಲಿಂದಲೇ ಅಂಗಳಕ್ಕೆ ಇಳಿದ.