ಹೆಸರು ಮೊದಲು, ಕತೆ ಆಮೇಲೆ

ತಿಮ್ಮಪ್ಪ ಮೇಷ್ಟ್ರು ನಾಟಕ ಬರೆಯಲು ಕೂತರೆ ಮೊದಲು ಹಾಳೆಯ ಎಡಗಡೆ ಪಾತ್ರಗಳ ಹೆಸರನ್ನೆಲ್ಲ ಬರೆದು ಮುಗಿಸುತ್ತಿದ್ದರು. ಕತೆ ಏನೆಂದು ಆಗ ಅವರಿಗೂ ಗೊತ್ತಿರುತ್ತಿರಲಿಲ್ಲ. ಡಾಕ್ಟರಾದರೆ ಮದ್ದಪ್ಪ, ಪೊಲೀಸನಾದರೆ ಲಾಠಿಲಿಂಗ, ಊರಿನ ಒಳ್ಳೆಯ ಮನುಷ್ಯ ಸಜ್ಜನಯ್ಯ, ಅವನ ಹೆಂಡತಿ ಸಹನಾದೇವಿ. ಮೂರನೆಯ ಅಂಕದಲ್ಲಿ ಸಾಯಬೇಕಾದವನಿಗೆ ಮೊದಲ ಅಂಕದಲ್ಲೇ ಅಲ್ಪಾಯಪ್ಪ ಎಂದು ಹೆಸರಿಟ್ಟುಬಿಡುತ್ತಿದ್ದರು.

"ಇವ್ನು ಸಾಯ್ತಾನೆ ಅಂತ ಜನಕ್ಕೆ ಮೊದ್ಲೇ ಗೊತ್ತಾಗಿಬಿಡುತ್ತಲ್ಲ ಮೇಷ್ಟ್ರೇ" ಎಂದು ನಾನೊಮ್ಮೆ ಕೇಳಿದ್ದೆ.

"ಗೊತ್ತಾಗ್ಲಿ ಮಾರಾಯ. ಅಳಕ್ಕೆ ತಯಾರಾಗಿ ಕೂತ್ಕಳ್ತಾರೆ" ಎಂದರು.

ಇದಕ್ಕೆಲ್ಲ ಕಾರಣ ಕೊಪ್ಪದ ಹತ್ತಿರದ ನಾರ್ವೆ ಎಂಬ ನಮ್ಮೂರಿನ ಯುವಕ ಸಂಘದ ಮೈಕು. ಅದು ಯಾವ ವರ್ಷವೂ ನಾಟಕ ಮುಗಿಯುವವರೆಗೆ ಬಾಳಿದ್ದಿಲ್ಲ. ಹಿಂದೆ ಕೂತವರಿಗೆ ಮಾತು ಕೇಳದಿದ್ದರೂ ಹೆಸರೊಂದು ಕಿವಿಗೆ ಬಿದ್ದರೆ ಯಾರು ಎಂಥವರೆಂದು ತಿಳಿಯಬೇಕು ಎಂಬುದು ಮೇಷ್ಟ್ರ ಸಿದ್ಧಾಂತ. ಅವರು ಪಕ್ಕದ ಪರದೆಯ ಹಿಂದೆ ಪುಸ್ತಕ ಹಿಡಿದು ನಿಂತು ಎಲ್ಲರ ಮಾತನ್ನೂ ತಾವೇ ಪಿಸುಗುಡುತ್ತಿದ್ದರು. ಸಹನಾದೇವಿ ಅಳುವಾಗ ಅವರ ಕಣ್ಣಲ್ಲೂ ನೀರು ಬರುತ್ತಿತ್ತು.

ಅಭ್ಯಾಸಕ್ಕೂ ಅವರದೊಂದು ಕಾನೂನಿತ್ತು. ಪಾತ್ರ ಹಂಚಿದ ದಿನದಿಂದ ನಾಟಕದ ದಿನದವರೆಗೆ, ಎರಡು ತಿಂಗಳು, ಯಾರೂ ಯಾರನ್ನೂ ಸ್ವಂತ ಹೆಸರಿನಿಂದ ಕರೆಯುವಂತಿಲ್ಲ. ತೋಟದಲ್ಲಿ, ಬಸ್ಸಿನಲ್ಲಿ, ಚಾ ಅಂಗಡಿಯಲ್ಲಿ, ಎಲ್ಲಿ ಸಿಕ್ಕಿದರೂ ಪಾತ್ರದ ಹೆಸರೇ. ತಪ್ಪಿದವನು ಎಲ್ಲರಿಗೂ ಚಾ ಕುಡಿಸಬೇಕು. ಪಾತ್ರ ಮೈಗೆ ಹತ್ತಬೇಕಾದರೆ ಇದೊಂದೇ ದಾರಿ ಎಂದು ಮೇಷ್ಟ್ರು ನಂಬಿದ್ದರು.

ನನ್ನ ಹೆಸರು ಸುಧಾಕರ. ಕೊಪ್ಪದಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡು ವೈರಿಂಗ್ ಕೆಲಸ ಮಾಡುತ್ತೇನೆ. ಏಣಿಯಿಲ್ಲದೆ ಗೋಡೆ ಹತ್ತಬಲ್ಲೆ ಎಂಬ ಒಂದೇ ಅರ್ಹತೆಯ ಮೇಲೆ ಇಪ್ಪತ್ತಾರನೆಯ ವಯಸ್ಸಿನಲ್ಲಿ ನನಗೆ ಕಳ್ಳನ ಪಾತ್ರ ಸಿಕ್ಕಿತು. ಹೆಸರು ಕಳ್ಳೇಶ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮದ್ದಪ್ಪ, ಲಾಠಿಲಿಂಗರ ಹೆಸರುಗಳು ನಾಟಕ ಮುಗಿದ ವಾರದಲ್ಲೇ ಉದುರಿಹೋದವು, ನನ್ನದು ಉಳಿಯಿತು. ಬೇಸರವೇನೂ ಆಗಲಿಲ್ಲ, ನಿಜ ಹೇಳಬೇಕೆಂದರೆ ಖುಷಿಯೇ ಆಗಿತ್ತು. ಅರ್ಧ ತಾಲೂಕಿನ ಮೊಬೈಲುಗಳಲ್ಲಿ ನನ್ನ ನಂಬರು 'ಕಳ್ಳೇಶ ವೈರಿಂಗ್' ಎಂದೇ ಇತ್ತು.

ನಾಲ್ಕು ವರ್ಷದ ಮೇಲೆ ಮೆಣಸೆಯ ಒಂದು ಮನೆಯಲ್ಲಿ ಎರಡು ದಿನ ವೈರಿಂಗ್ ಮಾಡಿ ಬಂದೆ. ಮಾರನೆಯ ದಿನ ಆ ಮನೆಯ ಯಜಮಾನರ ಫೋನ್ ಬಂತು.

"ಎಂತ ಇಲ್ಲ ಕಳ್ಳೇಶ, ಸುಮ್ನೆ ಕೇಳಿದ್ದು. ಮನೇಲಿ ಒಂದು ಸರ ಕಾಣ್ತಿಲ್ಲ. ನಿನ್ನ ಚೀಲದೊಳಗೆ ಎಲ್ಲಾದ್ರೂ ತಪ್ಪಿ ಬಿದ್ದಿದ್ಯಾ ನೋಡು."

ಅವರೂ ಆ ನಾಟಕ ನೋಡಿ ನಕ್ಕವರೇ. ಸರ ಮೂರನೆಯ ದಿನ ಅವರ ಮನೆಯ ಹಾಸಿಗೆಯ ಮಡಿಕೆಯಲ್ಲೇ ಸಿಕ್ಕಿತು. ಕಳೆದ ಸುದ್ದಿ ಊರೆಲ್ಲ ಸುತ್ತಿತ್ತು, ಸಿಕ್ಕ ಸುದ್ದಿ ಮನೆ ಬಿಟ್ಟು ಹೊರಡಲಿಲ್ಲ. ಅಲ್ಲಿಂದ ಮುಂದೆ ನಾನು ಯಾರ ಮನೆಯಲ್ಲಿ ಕೆಲಸ ಮಾಡಿದರೂ ಒಬ್ಬರು ಪಕ್ಕದಲ್ಲಿ ನಿಂತಿರುತ್ತಿದ್ದರು, ಹಗಲಿನಲ್ಲೂ ಟಾರ್ಚ್ ಹಿಡಿದು, ಸಹಾಯಕ್ಕೆಂದು. ಶೃಂಗೇರಿ ಕಡೆಯಿಂದ ಬಂದಿದ್ದ ಹೆಣ್ಣಿನವರು ಹಿಂದೆ ಸರಿದರು. ಹುಡುಗ ಒಳ್ಳೆಯವನೇ ಇರಬಹುದು, ಆದರೆ ಊರೇ ಹಾಗೆ ಕರೆಯುತ್ತದಲ್ಲ ಎಂದರಂತೆ. ನನಗೆ ಸಿಟ್ಟು ಬರಲಿಲ್ಲ. ಅಳುವೂ ಬರಲಿಲ್ಲ. ಅಂಗಡಿಯಲ್ಲಿ ಕೂತು ಒಂದು ಹಳೆಯ ಫ್ಯಾನ್ ಬಿಚ್ಚಿದೆ, ಮತ್ತೆ ಜೋಡಿಸಿದೆ.

ವಿಷಯ ತಿಳಿದು ಮೇಷ್ಟ್ರು ಅಂಗಡಿಗೆ ಬಂದರು. ಸ್ಟೂಲು ಎಳೆದುಕೊಂಡು ಕೂತರು.

"ನನ್ನಿಂದ ಆಯ್ತು ಮಾರಾಯ. ನಾನೇ ಇಟ್ಟ ಹೆಸ್ರು, ನಾನೇ ತೆಗೀತೀನಿ" ಎಂದರು.

ತೆಗೆಯಲು ಅವರಿಗೆ ಗೊತ್ತಿದ್ದ ದಾರಿಯಾದರೂ ಯಾವುದು? ಇನ್ನೊಂದು ನಾಟಕ ಬರೆದರು. ನನಗೆ ಸತ್ಯಪ್ಪನ ಪಾತ್ರ. ದಾರಿಯಲ್ಲಿ ಸಿಕ್ಕ ಒಡವೆಯ ಪೆಟ್ಟಿಗೆಯನ್ನು ವಾರಸುದಾರರಿಗೆ ಮುಟ್ಟಿಸುವವನು. ಬೇಡವೆಂದೆ, ಕೈ ಹಿಡಿದುಕೊಂಡು ಒಪ್ಪಿಸಿದರು. ಎರಡು ತಿಂಗಳು ಎಲ್ಲರೂ ಕಾನೂನಿನಂತೆ ಸತ್ಯಪ್ಪಾ, ಸತ್ಯಪ್ಪಾ ಎಂದು ಕರೆದರು. ಈ ಹೆಸರೂ ಅಂಟೀತು ಎಂದು ನಾನೂ ಸ್ವಲ್ಪ ನಂಬಿದೆ.

ನಾಟಕದ ಸಂಜೆ ನಾನು ರಂಗದ ಮೇಲೆ ಕಾಲಿಟ್ಟದ್ದೇ ತಡ, ಮುಂದಿನ ಸಾಲಿನಿಂದ ಕೂಗೆದ್ದಿತು: "ಹೋ, ಕಳ್ಳೇಶ ಬಂದ!"

ಪೆಟ್ಟಿಗೆ ಎತ್ತಿಕೊಂಡಾಗ, "ಕೊಡ್ಬೇಡ ಕಳ್ಳೇಶ, ಓಡು!" ಎಂದರು. ಇಡೀ ಮೈದಾನ ನಕ್ಕಿತು. ಯಾರ ನಗುವಿನಲ್ಲೂ ಕೆಟ್ಟದ್ದಿರಲಿಲ್ಲ, ನನ್ನನ್ನು ಕಂಡರೆ ಅವರಿಗೆ ಪ್ರೀತಿಯೇ. ಮುಂದಿನ ಮಾತು ಮರೆತು ಪರದೆಯ ಕಡೆ ನೋಡಿದೆ. ಮೇಷ್ಟ್ರ ತುಟಿ ಅಲುಗುತ್ತಿರಲಿಲ್ಲ. ಪುಸ್ತಕ ಮುಚ್ಚಿಕೊಂಡು ನಿಂತಿದ್ದರು.

ಆಮೇಲೆ ಅವರು ನಾಟಕ ಬರೆಯಲಿಲ್ಲ. ಬದಲಿಗೆ ಕೊಪ್ಪ ಬಸ್‌ಸ್ಟ್ಯಾಂಡಿನಲ್ಲಿ ನಾನು ಎಷ್ಟು ದೂರದಲ್ಲಿ ಕಂಡರೂ "ಸುಧಾಕರರೇ!" ಎಂದು ಕೂಗತೊಡಗಿದರು, ಮಗನ ವಯಸ್ಸಿನವನನ್ನು ಬಹುವಚನದಲ್ಲಿ. ಜನ ತಿರುಗಿ ನೋಡುತ್ತಿದ್ದರು. ಚಾ ಅಂಗಡಿಯವನನ್ನು ನಿಲ್ಲಿಸಿಕೊಂಡು, "ಅವನ ಹೆಸ್ರು ಸುಧಾಕರ. ಎಲ್ಲಿ, ಹೇಳು ನೋಡುವ" ಎಂದು ಪಾಠ ಒಪ್ಪಿಸಿಕೊಳ್ಳುತ್ತಿದ್ದರು. ನನಗೆ ನಾಚಿಕೆಯಿಂದ ಹಿಡಿಯಾಗುತ್ತಿತ್ತು.

"ಇನ್ನು ಬಿಡಿ ಮೇಷ್ಟ್ರೇ" ಎಂದೆ ಒಂದು ದಿನ.

"ನೀನು ಬಿಡ್ಬಹುದು. ನಂಗೆ ಬಿಡಕ್ಕೆ ಬರೂದಿಲ್ಲ" ಎಂದರು.

ನಾನೂ ನನ್ನಷ್ಟಕ್ಕೆ ಒಂದು ಕಾನೂನು ಮಾಡಿಕೊಂಡಿದ್ದೆ. ಕಳ್ಳೇಶ ಎಂದವರಿಗೆ ಓಗೊಡುತ್ತಿರಲಿಲ್ಲ, ತಿರುಗಿಯೂ ನೋಡುತ್ತಿರಲಿಲ್ಲ. ಎಷ್ಟೋ ಕೆಲಸ ಕೈಬಿಟ್ಟುಹೋಯಿತು. ಹೀಗೆ ಒಂಬತ್ತು ವರ್ಷ.

ಕಳೆದ ವರ್ಷ ಮೇಷ್ಟ್ರ ಹೆಂಡತಿ ಜಾನಕಮ್ಮ ಫೋನ್ ಮಾಡಿ, ಮೇಷ್ಟ್ರು ಮಲಗುವ ಕೋಣೆಯ ಸ್ವಿಚ್ ಕೆಟ್ಟಿದೆ ಎಂದರು. ಮೇಷ್ಟ್ರಿಗೆ ಆಗ ಮರೆವು ಪೂರ್ತಿ ಕವಿದಿತ್ತು. ಮಗಳು ಬಂದರೂ ಯಾರೆಂದು ತಿಳಿಯುತ್ತಿರಲಿಲ್ಲ. ಮಂಚದ ಮೇಲೆ ಗೋಡೆ ನೋಡುತ್ತ ಕೂತಿದ್ದರು. ನಾನು ಸ್ವಿಚ್ ಬದಲಿಸಿ ದೀಪ ಹಾಕಿದೆ. ಅವರು ತಿರುಗಿ ನನ್ನನ್ನೇ ನೋಡಿದರು. ಮುಖ ಅರಳಿತು.

"ಓ, ಕಳ್ಳೇಶ! ಯಾವಾಗ ಬಂದೆ ಮಾರಾಯ?"

ಜಾನಕಮ್ಮ ನನ್ನ ಹತ್ತಿರ ಬಂದರು. "ಬೇಜಾರು ಮಾಡ್ಕಬೇಡ ಮಾರಾಯ. ಆರು ತಿಂಗಳಿಂದ ಅವ್ರು ಯಾರ ಗುರುತೂ ಹಿಡಿದಿರ್ಲಿಲ್ಲ" ಎಂದರು ಮೆಲ್ಲಗೆ.

ಮೇಷ್ಟ್ರು ಉತ್ತರಕ್ಕೆ ಕಾಯುತ್ತಿದ್ದರು. ನನ್ನ ಕೈಯಲ್ಲಿ ಸ್ಕ್ರೂಡ್ರೈವರ್ ಹಾಗೇ ಇತ್ತು.

"ಈಗ ಬಂದೆ ಮೇಷ್ಟ್ರೇ" ಎಂದೆ.

ಹದಿನೈದು ದಿನಕ್ಕೆ ಅವರು ಹೋದರು. ಸುದ್ದಿ ಹೇಳಲು ಫೋನ್ ಮಾಡಿದ ಸಂಘದ ಗೆಳೆಯ "ಕಳ್ಳೇಶಾ" ಎಂದ. ಹೂಂ ಎಂದೆ. ಈಗ ಯಾರು ಹಾಗೆ ಕರೆದರೂ ಹೂಂ ಎನ್ನುತ್ತೇನೆ. ದಿನಾ ಬೆಳಿಗ್ಗೆ ಕೊಪ್ಪ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತೇನೆ, ಅಂಗಡಿಯವರೆಗೆ ನಡೆಯುತ್ತೇನೆ. ಸುಧಾಕರ ಎಂದು ಅಲ್ಲಿ ಯಾರೂ ಕೂಗುವುದಿಲ್ಲ.